ಭೀಮೇಶ ಹಿಂಪಡೆದ ತಪ್ಪೊಪ್ಪಿಗೆ

ಮಾರ್ಚ್ ಹನ್ನೊಂದು, ಮಂಗಳವಾರ. ಬೆಳಿಗ್ಗೆ ಶಹಾಪುರದ ಠಾಣೆಗೆ ಬಂದ ಭೀಮೇಶ ತೋರಿಸಿದ ಕುರ್ಚಿಯಲ್ಲಿ ಕೂರಲಿಲ್ಲ. ದೂರಿನ ಅರ್ಜಿಯನ್ನು ಮೇಜಿನ ಮೇಲಿಟ್ಟು, ಪಿಎಸ್‌ಐ ನಾಗರತ್ನಾ ಓದಿ ಮುಗಿಸುವವರೆಗೂ ನಿಂತೇ ಇದ್ದ.

ಪ್ರಕರಣ ಹೊಸದಲ್ಲ. ಜನವರಿಯ ಒಂದು ಸಂಜೆ ವನದುರ್ಗದ ರಸ್ತೆಯಲ್ಲಿ ಹತ್ತಿ ಮಿಲ್ಲಿನ ಹಂಪಣ್ಣ ಸಾಹುಕಾರರ ಕಾರು ಅನ್ವರಬಿಯ ಚಹಾದಂಗಡಿಗೆ ನುಗ್ಗಿತ್ತು. ತಗಡಿನಡಿ ಸಿಕ್ಕ ಆಕೆಯ ಕಾಲು ಮುರಿದಿತ್ತು. ಸಾಹುಕಾರರ ಚಾಲಕ ಭೀಮೇಶ ಅಂದೇ ರಾತ್ರಿ ತಾನಾಗಿಯೇ ಠಾಣೆಗೆ ಬಂದು, ಕುಡಿದು ಓಡಿಸಿದೆ ಎಂದ. ರಕ್ತಪರೀಕ್ಷೆಯಲ್ಲಿ ಮದ್ಯವೂ ಸಿಕ್ಕಿತು. ಎಫ್‌ಐಆರ್, ದೋಷಾರೋಪಪಟ್ಟಿ ಎಲ್ಲ ಸಲೀಸಾಗಿ ಮುಗಿದವು. ಕೋರ್ಟಿನಲ್ಲೂ ತಪ್ಪೊಪ್ಪಿಕೊಂಡ. ಆದರೆ ಶಿಕ್ಷೆ ಪ್ರಕಟವಾಗಬೇಕಿದ್ದ ಸೋಮವಾರ, ಕಟಕಟೆಯಲ್ಲಿ ನಿಂತು ಆ ಮಾತನ್ನು ವಾಪಸ್ ತೆಗೆದುಕೊಂಡುಬಿಟ್ಟ. ವಿಚಾರಣೆಯಲ್ಲಿ ಅಪರಾಧ ಸಾಬೀತಾದರೆ ಜೈಲೇ ಆದೀತೆಂದು ನ್ಯಾಯಾಧೀಶರು ಎಚ್ಚರಿಸಿದರೂ ಜಗ್ಗಲಿಲ್ಲ. ಹೆಚ್ಚಿನ ತನಿಖೆಗೆ ಆದೇಶವಾಯಿತು. ಸುರಪುರದಿಂದ ಆಗಷ್ಟೇ ವರ್ಗವಾಗಿ ಬಂದಿದ್ದ ನಾಗರತ್ನಾಳ ಪಾಲಿಗೆ ಅದು ಬಂತು.

"ಗಾಡಿ ಯಾರು ಹೊಡದ್ರು?"

"ಸಾಹುಕಾರ್ರು. ನಾ ಅದ್ರಾಗ ಇರಲೇ ಇಲ್ರಿ."

"ಮತ್ತ ರಕ್ತದಾಗ ದಾರು ಹ್ಯಾಂಗ ಬಂತು?"

"ಮಿಲ್ಲಿಗಿ ಕರಿಸಿ, ಕುಡಿಸಿ, ಇಲ್ಲಿಗಿ ಅವರೇ ಕಳಿಸಿದ್ರು."

"ಆವಾಗ ಒಪ್ಪಿದಿ. ಈಗ್ಯಾಕ ತಿರುಗಿಬಿದ್ದಿ?"

ಅವನು ತಡವರಿಸದೆ ಹೇಳಿದ. ಬರೀ ದಂಡ, ತಾವೇ ಕಟ್ಟುತ್ತೇವೆ ಎಂದಿದ್ದರು ಸಾಹುಕಾರರು. ಅವರ ಉಪ್ಪು ತಿಂದವನು, ಇಲ್ಲ ಎನ್ನಲಾಗಲಿಲ್ಲ. ಆಮೇಲೆ ಯಾದಗಿರಿಯ ಆಸ್ಪತ್ರೆಗೆ ಅನ್ವರಬಿಯನ್ನು ನೋಡಲು ಹೋಗಿದ್ದ. ಆಕೆ ಬಯ್ಯಲಿಲ್ಲ. ಗುದ್ದುವ ಮುಂಚೆ ನಾನು ನಿನ್ನ ಕಣ್ಣಿಗೆ ಬಿದ್ದಿದ್ದೆನೇ ಎಂದಷ್ಟೇ ಕೇಳಿದಳು. ಕಾರಿನಲ್ಲೇ ಇರದವನು ಸುಳ್ಳು ಹೇಳಲಾರದೆ ಎದ್ದು ಬಂದಿದ್ದ.

"ಜೈಲಾದ್ರ ಆಗ್ಲಿ ಮೇಡಂ. ಮಾಡಲಾರದ ಪಾಪ ಹೊತ್ತು ನಾ ಇನ್ನ ತಿರಗಂಗಿಲ್ಲ."

ಹೆಡ್ ಕಾನ್‌ಸ್ಟೆಬಲ್ ಮರಿಲಿಂಗಪ್ಪನಿಗೆ ನಂಬಿಕೆ ಬರಲಿಲ್ಲ. ಹಂಪಣ್ಣ ತಾಲ್ಲೂಕಿನ ಮದ್ಯವಿರೋಧಿ ಸಮಿತಿಯ ಅಧ್ಯಕ್ಷರು; ಹಳ್ಳಿಹಳ್ಳಿ ತಿರುಗಿ ದಾರು ಅಂಗಡಿ ಮುಚ್ಚಿಸಿದವರು. ನಾಗರತ್ನಾ ಠಾಣೆಯ ಹಿತ್ತಲಿಗೆ ನಡೆದಳು. ವಿಮೆಯವರ ತಪಾಸಣೆ ಮುಗಿಯದೆ ಕಾರು ಅಲ್ಲೇ ಧೂಳು ತಿನ್ನುತ್ತಿತ್ತು. ಆರೋಪಿಯೇ ಒಪ್ಪಿಕೊಂಡ ಮೇಲೆ ಅದರ ಬಾಗಿಲು ತೆರೆಯುವ ಗೋಜಿಗೆ ಯಾರೂ ಹೋಗಿರಲಿಲ್ಲ. ಪಂಚರ ಎದುರು ಭೀಮೇಶನನ್ನು ಚಾಲಕನ ಸೀಟಿನಲ್ಲಿ ಕೂರಿಸಿದರು. ಎತ್ತರದ ಆಳು; ಮೊಣಕಾಲು ಸ್ಟೇರಿಂಗಿಗೆ ಸಿಕ್ಕಿಕೊಂಡವು. ಸಾಹುಕಾರರಂಥ ಕುಳ್ಳಗಿನವರ ಅಳತೆಗೆ ಸೀಟು ಮುಂದಕ್ಕೆ ಜರುಗಿತ್ತು. ಬಿಚ್ಚಿಕೊಂಡಿದ್ದ ಏರ್‌ಬ್ಯಾಗಿನ ಮೇಲೆ ಒಣಗಿದ ರಕ್ತ. ಅಂದಿನ ವೈದ್ಯಕೀಯ ವರದಿಯ ಪ್ರಕಾರ ಭೀಮೇಶನ ಮೈಮೇಲೆ ಒಂದು ಗೀರೂ ಇರಲಿಲ್ಲ. ಪಂಚನಾಮೆ ಬರೆದು ಏರ್‌ಬ್ಯಾಗನ್ನು ಕಲಬುರಗಿಯ ಪ್ರಯೋಗಾಲಯಕ್ಕೆ ಕಳಿಸಿದರು.

ಈ ಬಾರಿ ಮರಿಲಿಂಗಪ್ಪನೇ ಯಾದಗಿರಿಯ ದವಾಖಾನೆಗಳನ್ನು ಸುತ್ತಿದ. ಅಪಘಾತದ ಮರುದಿನ ಹಂಪಣ್ಣ ಒಂದು ಕಡೆ ಮುರಿದ ಮೂಗು ಕೂರಿಸಿಕೊಂಡಿದ್ದರು. ಬಚ್ಚಲಲ್ಲಿ ಜಾರಿ ಬಿದ್ದೆ ಎಂದು ಅಲ್ಲಿ ಹೇಳಿದ್ದರು.

ಅಷ್ಟರಲ್ಲಿ ಫೋನುಗಳು ಶುರುವಾದವು. ದೊಡ್ಡವರ ಮರ್ಯಾದೆ ಪ್ರಶ್ನೆ, ನೋಡಿಕೊಂಡು ಹೋಗಿ ಎಂದು ಒಬ್ಬ ಮುಖಂಡರು ತಿಳಿಹೇಳಿದರು.

"ಅದನ್ನೇ ಬರವಣಿಗೆಯಾಗ ಕೊಡ್ರಿ ಸರ್, ಕಡತಕ್ಕ ಹಚ್ತೀನಿ," ಎಂದಳು ನಾಗರತ್ನಾ. ಮತ್ತೆ ಅವರ ಫೋನು ಬರಲಿಲ್ಲ.

ಕೋರ್ಟಿನ ಅನುಮತಿ ಪಡೆದು ಹಂಪಣ್ಣರ ರಕ್ತದ ಮಾದರಿ ತೆಗೆಸಿದರು. ಏಪ್ರಿಲ್ ಕೊನೆಯಲ್ಲಿ ವರದಿ ಬಂತು. ಏರ್‌ಬ್ಯಾಗಿನ ಮೇಲಿದ್ದದ್ದು ಅವರದೇ ರಕ್ತ.

ಬಂಧಿಸಲು ಹೋದಾಗ ಹಂಪಣ್ಣ ಮಿಲ್ಲಿನ ಗಾದಿಯ ಮೇಲೆ ಕೂತಿದ್ದರು, ಹಣೆತುಂಬ ವಿಭೂತಿ. ವಾದ ಮಾಡಲಿಲ್ಲ, ವಕೀಲರನ್ನೂ ಕರೆಯಲಿಲ್ಲ. ಒಂದೇ ಒಂದು ಮಾತು ಕೇಳಿಕೊಂಡರು.

"ಕುಡದಿದ್ದೆ ಅಂತ ಬರೀಬ್ಯಾಡ್ರಿ ಮೇಡಂ. ಬ್ಯಾರೆ ಏನರ ಬರ್ಕೊಳ್ರಿ."

"ಭೀಮೇಶನ ಹೆಸರಿಗಿ ಅದನ್ನ ಬರಸೂಮುಂದ ನಿಮಗೇನೂ ಅನಸಲಿಲ್ಲೇನ್ರಿ?"

ಹಂಪಣ್ಣ ಎದ್ದು ಚಪ್ಪಲಿ ಮೆಟ್ಟಿಕೊಂಡರು.

ಹೆಂಡತಿ ತೀರಿಕೊಂಡ ಮೇಲೆ ಹತ್ತಿದ ಚಟ ಅದು ಎಂದು ಜೀಪಿನಲ್ಲಿ ತಾವಾಗಿಯೇ ಹೇಳಿದರು. ಖಾಲಿ ಮನೆಗೆ ಹೋಗಲಾಗದೆ, ಸಂಜೆ ಹೊಲದ ಬದಿಗೆ ಕಾರು ನಿಲ್ಲಿಸಿಕೊಂಡು ಒಬ್ಬರೇ ಕುಡಿಯುತ್ತಿದ್ದರಂತೆ. ಅಂದು ತಗಡಿನಡಿಯಿಂದ ಅನ್ವರಬಿ ಕೂಗಿದ್ದು ಅವರಿಗೆ ಕೇಳಿಸಿತ್ತು. ಎತ್ತಲು ಬಗ್ಗಿದರೆ ಬಾಯಿಯ ವಾಸನೆ ಆಕೆಗೆ ಗೊತ್ತಾದೀತೆಂದು ಹೆದರಿ, ಅಲ್ಲಿಂದ ನಡೆದುಬಿಟ್ಟಿದ್ದರು.