ಏಳನೇ ಚಿಪ್ ಮೌನವಾದಾಗ

"ಅಲ್ಲೇ ನಿಲ್ಲಿ! ಮೊದಲು ಆ ಮಲ್ಲಿಗೆ ಆಚೆ ಇಟ್ಟು ಬನ್ನಿ!"

ಧನಶ್ರೀ ಬೆಚ್ಚಿ ನಿಂತಳು. ಕೋಲಾರದ ಹೊರವಲಯದ ಆ ಸಂಶೋಧನಾ ಕೇಂದ್ರದಲ್ಲಿ ಅವಳದು ಒಂದು ವರ್ಷದ ಸರ್ವೀಸು. ಅವಳಿಗೇ ಗದರಿಕೆ! ಅದೂ ಬೆಳಗ್ಗೆಯಷ್ಟೇ ಕೆಲಸಕ್ಕೆ ಸೇರಿದವನಿಂದ!

"ನೀವ್ಯಾರ್ರೀ ನನಗೆ ಹೇಳೋಕೆ?"

"ಭೀಮರಾಜ್ ಅಂತ, ಹುತ್ತೂರಿನೋನು. ನಮ್ಮನೇಲಿ ರೇಷ್ಮೆ ಹುಳ ಸಾಕ್ತೀವಿ. ಹೂ ಮುಡ್ಕೊಂಡು, ಸೆಂಟು ಹಾಕ್ಕೊಂಡು ಯಾರೂ ಹುಳದ ಮನೆಗೆ ಬರಂಗಿಲ್ಲ. ಇಲ್ಲಿರೋವು ಹುಳಕ್ಕಿಂತ ಸೂಕ್ಷ್ಮ ಅಲ್ವೇನ್ರೀ?"

ಅವಳ ಮುಖ ಕೆಂಪಾಯಿತು. ಹೂ ಮುಡಿದು ಒಳಗೆ ಬರಬಾರದು ಎಂದು ಬಾಗಿಲ ಮೇಲೆ ಬರೆದು ಅಂಟಿಸಿದವಳೇ ಅವಳು! ದೇವಸ್ಥಾನದಿಂದ ನೇರ ಬಂದವಳು ಮರೆತಿದ್ದಳು, ಅಷ್ಟೇ. ಆದರೂ ಸೋಲೊಪ್ಪಿಕೊಳ್ಳುವ ಜಾಯಮಾನ ಅವಳದಲ್ಲ. ಮೂತಿ ತಿರುವಿಕೊಂಡೇ ಹೋಗಿ ಹೂ ತೆಗೆದಿಟ್ಟು ಬಂದಳು.

ಒಳಗೆ ಇದ್ದದ್ದಾದರೂ ಏನು? ಬೆರಳುಗುರಿನಷ್ಟು ಗಾಜಿನ ಚಿಪ್‌ಗಳು. ಅವುಗಳಲ್ಲಿ ಕೂದಲೆಳೆಗಿಂತ ಸಣ್ಣ ಕಾಲುವೆಗಳು. ಆ ಕಾಲುವೆಗಳ ದಡದಲ್ಲಿ, ರೋಗಿಗಳು ಕೊಟ್ಟ ರಕ್ತದಿಂದ ಬೆಳೆಸಿದ ಮೆದುಳಿನ ಜೀವಕೋಶಗಳು! ಅವು ಒಂದಕ್ಕೊಂದು ಕೈಚಾಚಿ ಜಾಲ ಕಟ್ಟುತ್ತಿದ್ದವು, ಮಿಂಚಿನ ಭಾಷೆಯಲ್ಲಿ ಮಾತಾಡುತ್ತಿದ್ದವು. ಆ ಮಾತು ಕಂಪ್ಯೂಟರಿನ ತೆರೆಯ ಮೇಲೆ ಕುಣಿಯುವ ಗೆರೆಯಾಗಿ ಕಾಣುತ್ತಿತ್ತು. ಫಿಟ್ಸ್ ಯಾಕೆ ಬರುತ್ತದೆಂದು ತಿಳಿಯಲು ಈ ಸಾಹಸವೆಲ್ಲ.

ಆದರೆ ಏಳನೇ ಚಿಪ್‌ನ ಗುಟ್ಟು ಧನಶ್ರೀ ಒಬ್ಬಳಿಗೇ ಗೊತ್ತಿತ್ತು.

ಅದು ಅವಳ ತಮ್ಮ ಚಂದ್ರುವಿನದು. ಹತ್ತೊಂಬತ್ತು ವರ್ಷಕ್ಕೇ ಫಿಟ್ಸ್ ಅವನನ್ನು ಕೊಂಡೊಯ್ದಿತ್ತು. ಸಾಯುವ ಮೊದಲು ಅವನು ಸಂಶೋಧನೆಗೆ ರಕ್ತ ಕೊಟ್ಟಿದ್ದ. ಇಲ್ಲಿ ಯಾರ ಹೆಸರೂ ಇರುವುದಿಲ್ಲ, ಬರೀ ಸಂಖ್ಯೆ. ಆದರೆ ಕೊಳವೆಯ ಮೇಲೆ ಆ ಸಂಖ್ಯೆ ಅಂಟಿಸುವಾಗ ಅಕ್ಕನಾದ ಅವಳು ಪಕ್ಕದಲ್ಲೇ ನಿಂತಿದ್ದಳು! ಅವನದೆನ್ನಲು ಈಗ ಉಳಿದಿದ್ದು ಈ ಚಿಪ್ ಒಂದೇ. ವಿಷಯ ಗೊತ್ತಾದರೆ ಮೇಲಿನವರು ತನ್ನನ್ನು ಈ ಕೆಲಸದಿಂದ ತೆಗೆಯುತ್ತಾರೆಂದು ಅವಳು ಬಾಯಿ ಬಿಟ್ಟಿರಲಿಲ್ಲ.

ದಿನಾ ಬೆಳಗ್ಗೆ ಗೆರೆ ಕುಣಿಯುವುದನ್ನು ಕಂಡ ಮೇಲೇ ಅವಳಿಗೆ ಉಸಿರು. 'ಎದ್ಯೇನೋ?' ಎಂದು ಮನಸ್ಸಿನಲ್ಲೇ ಕೇಳುತ್ತಿದ್ದಳು.

ಭೀಮರಾಜ ಎಲ್ಲವನ್ನೂ ನೋಡುತ್ತಿದ್ದ, ಏನೂ ಕೇಳುತ್ತಿರಲಿಲ್ಲ. ಅವಳು ಊಟ ಬಿಟ್ಟ ದಿನ ಅವನ ಡಬ್ಬಿಯ ರಾಗಿ ಮುದ್ದೆ ಎರಡು ಪಾಲಾಗುತ್ತಿತ್ತು. ಜಗಳದಿಂದ ಶುರುವಾದದ್ದು ಯಾವಾಗ ಪ್ರೀತಿಯಾಯಿತೋ, ಇಬ್ಬರಿಗೂ ತಿಳಿಯಲಿಲ್ಲ. ತಿಳಿದ ಮೇಲೂ ಬಾಯಿ ಬಿಟ್ಟು ಹೇಳಲಿಲ್ಲ, ದಡ್ಡರು!

ಚಂದ್ರು ಹೋಗಿ ಎರಡು ವರ್ಷವಾಯಿತು. ತಿಥಿಗೆಂದು ಧನಶ್ರೀ ಶ್ರೀನಿವಾಸಪುರಕ್ಕೆ ಹೊರಟಳು.

"ಮೂರು ದಿನ ಬರಲ್ಲ. ಏಳನೇದನ್ನ ನೋಡ್ಕೊಳ್ಳಿ... ಪ್ಲೀಸ್."

"ನನ್ನ ಕಣ್ಣು ಅದರ ಮೇಲೇ ಇರತ್ತೆ. ನೆಮ್ಮದಿಯಾಗಿ ಹೋಗ್ಬನ್ನಿ."

ಎಡೆಯ ಮುಂದೆ ತಾಯಿ ಶಾಮಲಮ್ಮ ಬಿಕ್ಕಿ ಬಿಕ್ಕಿ ಅತ್ತರು. ಧನಶ್ರೀಯ ಕಣ್ಣಲ್ಲಿ ಒಂದು ಹನಿಯೂ ಇಲ್ಲ. 'ಯಾಕೆ ಅಳಲಿ? ನನ್ನ ತಮ್ಮ ಕೋಲಾರದಲ್ಲಿ ಇದ್ದಾನಲ್ಲ!'

ನಾಲ್ಕನೇ ದಿನ ಬಸ್ಸಿಳಿದವಳು ನೇರ ಒಳಗೆ ಓಡಿದಳು. ತೆರೆಯ ಮೇಲೆ ಗೆರೆ ನೆಟ್ಟಗೆ ಮಲಗಿತ್ತು. ಭೀಮರಾಜ ತಲೆ ತಗ್ಗಿಸಿ ನಿಂತಿದ್ದ.

"ಕೊಳವೇಲಿ ಗಾಳಿ ಗುಳ್ಳೆ ಸಿಕ್ಕಾಕ್ಕೊಂಡು ಆಹಾರ ಹೋಗಿಲ್ಲ. ನಾನು ನೋಡ್ಬೇಕಿತ್ತು... ನನ್ನ ತಪ್ಪು."

"ಎಷ್ಟು ಹೊತ್ತು?"

"ಒಂದೂವರೆ ದಿನ."

"ಒಂದೂವರೆ ದಿನ! ಎಲ್ಲಿ ಸತ್ತಿದ್ರಿ ನೀವು? ಅದು ನನ್ನ ತಮ್ಮ ಕಣ್ರೀ! ನನ್ನ ಚಂದ್ರು! ಅವನನ್ನ ಹಸಿವಿನಿಂದ ಸಾಯಿಸಿಬಿಟ್ರಿ..."

ಅವನು ಬೆರಗಾಗಿ ತಲೆಯೆತ್ತಿದ. ಮರುದಿನವೇ ರಾಜೀನಾಮೆ ಕೊಟ್ಟು ಊರಿಗೆ ಹೊರಟುಹೋದ.

ಹದಿನೈದು ದಿನ ಕಳೆಯಿತು. ಲ್ಯಾಬಿನ ಪುಸ್ತಕ ತಿರುವುತ್ತಿದ್ದಾಗ ಅವನ ಅಕ್ಷರ ಕಂಡಿತು. 'ಏಳನೇ ಚಿಪ್ ಸದ್ದಿಲ್ಲ. ಯಾರೂ ಮುಟ್ಟಬಾರದು. ಆಹಾರ ಕೊಡಬಾರದು. ನಾನು ಇಲ್ಲೇ ಕೂತಿದ್ದೇನೆ.'

ಧನಶ್ರೀಯ ಮೈ ಉರಿಯಿತು. ಕೊಡಬಾರದು ಅಂತೆ! ಬೇಕೆಂದೇ ಮಾಡಿದನೇ? ಮುಖಕ್ಕೆ ಮುಖ ಕೊಟ್ಟು ಕೇಳಿಯೇ ತೀರುತ್ತೇನೆಂದು ಹುತ್ತೂರಿನ ಬಸ್ಸು ಹತ್ತಿದಳು.

ಹುಳದ ಮನೆಯ ಬಾಗಿಲಲ್ಲಿ ಅವನ ತಾಯಿ ಅಂಜಮ್ಮ ತುಟಿಯ ಮೇಲೆ ಬೆರಳಿಟ್ಟು ತಡೆದರು.

"ಮೆಲ್ಲಗೆ ಮಾತಾಡಮ್ಮಾ. ಹುಳ ಜ್ವರಕ್ಕೆ ಕೂತವೆ."

"ಜ್ವರ ಅಂದ್ರೆ?"

"ಪೊರೆ ಬಿಡೋ ಕಾಲ ಕಣಮ್ಮ. ಆವಾಗ ಹಂಗೇ ಸುಮ್ನಾಗ್ಬಿಡ್ತವೆ. ಮುಟ್ಟಬಾರ್ದು, ಸೊಪ್ಪು ಹಾಕಬಾರ್ದು. ಒಂದು ದಿನ ಕಳೆದ್ರೆ ತಾವೇ ಎದ್ದು ಮೇಯ್ತವೆ."

ಧನಶ್ರೀ ಬಾಗಿಲ ಸಂದಿಯಿಂದ ಇಣುಕಿದಳು. ತಟ್ಟೆಗಳ ತುಂಬ ಹುಳುಗಳು ತಲೆಯೆತ್ತಿಕೊಂಡು ಅಲುಗಾಡದೆ ಕೂತಿದ್ದವು. ನಡುವೆ ಭೀಮರಾಜ, ಮಂಡಿ ಅಪ್ಪಿಕೊಂಡು ಕಾಯುತ್ತಿದ್ದ. ಗಡ್ಡ ಬೆಳೆದು, ಕಣ್ಣು ಗುಳಿ ಬಿದ್ದಿತ್ತು.

ಅಯ್ಯೋ... ಅಲ್ಲೂ ಹೀಗೇ ಕಾದಿದ್ದನೇ! ಗುಳ್ಳೆ ಸಿಕ್ಕಿ ಗೆರೆ ಸುಮ್ಮನಾದಾಗ, ಕೋಶಗಳೂ ಹುಳದಂತೆ ಪೊರೆ ಬಿಡುತ್ತಿವೆ, ಎದ್ದೇಳುತ್ತವೆ ಎಂದುಕೊಂಡನೇ! ಹುಟ್ಟಿದಾಗಿನಿಂದ ಕಲಿತದ್ದನ್ನೇ ಅಲ್ಲೂ ಮಾಡಿದ್ದ. ಹುಳುಗಳು ಎದ್ದೇಳುತ್ತಿದ್ದವು, ಕೋಶಗಳು ಏಳಲಿಲ್ಲ.

ಎರಡು ವರ್ಷದಿಂದ ಕಟ್ಟಿಕೊಂಡಿದ್ದ ಅಳು ಒಮ್ಮೆಲೇ ಉಕ್ಕಿ ಬಂತು. ಸದ್ದಾಗಬಾರದೆಂದು ವೇಲನ್ನು ಬಾಯಿಗೆ ತುರುಕಿಕೊಂಡಳು. ಅವನು ಅವಳನ್ನು ನೋಡಿದ, ಮೆಲ್ಲನೆ ಎದ್ದು ಬಂದ.

"ಬನ್ನಿ, ತೋಟಕ್ಕೆ ಹೋಗಣ. ಅಲ್ಲಿ ಗಟ್ಟಿಯಾಗಿ ಅಳಬಹುದು."

ಹಿಪ್ಪುನೇರಳೆ ತೋಟದ ನಡುವೆ ಕೂತು ಅವಳು ಹೊಟ್ಟೆಯೊಳಗಿನದೆಲ್ಲ ಕಿತ್ತು ಬರುವಂತೆ ಅತ್ತಳು. ಅವನು ಬೇಡ ಅನ್ನಲಿಲ್ಲ, ಸಮಾಧಾನವೂ ಹೇಳಲಿಲ್ಲ. ಪಕ್ಕದಲ್ಲಿ ಕೂತು ತಾನೂ ಅತ್ತ.

"ಇದನ್ನ ಅವತ್ತೇ ಯಾಕೆ ಹೇಳ್ಲಿಲ್ಲ ನೀವು?" ಕೊನೆಗೆ ಅವಳು ಕೇಳಿದಳು.

"ಏನಂತ ಹೇಳಲಿ? ಯಾಕೆ ಅಂತ ಹೇಳಿಬಿಟ್ರೆ ತಪ್ಪು ಕಮ್ಮಿ ಆಗತ್ತಾ? ನಿಮ್ಮ ತಮ್ಮ ವಾಪಸ್ ಬರ್ತಾನಾ?"

"ಬರಲ್ಲ." ಮೊದಲ ಸಲ ಅವಳ ಬಾಯಿಂದ ಆ ಮಾತು ಬಂತು. "ಅವನು ಹೋಗಿ ಎರಡು ವರ್ಷ ಆಯ್ತು ಭೀಮರಾಜ್. ನಾನೇ ಒಪ್ಕೊಂಡಿರ್ಲಿಲ್ಲ. ಯಾರ್ದು ಅಂತ ನಿಮ್ಗೂ ಹೇಳದೆ ಕೈಗೆ ಕೊಟ್ಟು ಹೋದೆ. ಆಮೇಲೆ ಕೊಲೆಗಾರ ಅನ್ನೋ ಹಾಗೆ ಬೈದೆ..."

"ಬೈದಿದ್ದಕ್ಕೆ ಬೇಜಾರಿಲ್ಲ. ನೀವು ಪ್ರೀತಿಸಿದ ಜೀವ ನನ್ನ ಕೈಯಲ್ಲಿ ಹೋಯ್ತಲ್ಲ... ಇನ್ನು ಯಾವ ಮುಖ ಇಟ್ಕೊಂಡು ನಿಮ್ಮನ್ನ ಇಷ್ಟಪಡ್ತೀನಿ ಅನ್ಲಿ?"

ಕಣ್ಣೀರು ಒರೆಸಿ ಒರೆಸಿ ಅಂಟಂಟಾಗಿದ್ದ ಅವನ ಕೈಯನ್ನು ಅವಳು ಹಿಡಿದುಕೊಂಡಳು. "ಇದೇ ಮುಖ ಸಾಕು. ನನಗೂ ನೀನೇ ಬೇಕು ಕಣೋ."

ನೀವು ಎಂಬುದು ನೀನಾದದ್ದು ಅವನಿಗೆ ಕೇಳಿಸಿತು. ಆಮೇಲೆ ಕೇಳಿದ,

"ಚಂದ್ರು ಹೇಗಿದ್ದ? ಕಾಯಿಲೆ ಬಿಡು. ಅವನು ಹೇಗಿದ್ದ ಹೇಳು."

ಎರಡು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಅವಳು ಕಣ್ಣೊರೆಸಿಕೊಂಡಳು.

"ದೊಡ್ಡ ಸುಳ್ಳ. ರುಚಿ ನೋಡ್ತೀನಿ ಅಂತ ಮಾವಿನ ಮಂಡಿಗೆ ಹೋಗಿ, ಹೊಟ್ಟೆ ತುಂಬಾ ತಿಂದು, ಹುಳಿ ಅಂತ ಹೇಳಿ ಬರ್ತಿದ್ದ..." ನಗು ಬಂತು, ಅದರ ಹಿಂದೆಯೇ ಮತ್ತೆ ಅಳು.

"ಇನ್ನೂ ಹೇಳು."

"ಒಂದು ದಿನಕ್ಕೆ ಮುಗಿಯೋದಲ್ಲ ಕಣೋ."

"ಮುಗೀದೇ ಇರ್ಲಿ ಧನು. ನಾನೆಲ್ಲಿಗೂ ಹೋಗಲ್ಲ."