ಬಾಗಿಲಿಗೆ ಒರಗಿ ನಿಂತವನು

ಬಹಳ ಬಹಳ ಹಿಂದೆ, ಮೋಡಗಳು ಮನೆಯ ಸೂರಿಗೆ ಮೈ ಉಜ್ಜಿಕೊಂಡು ಹೋಗುತ್ತಿದ್ದ ಕಾಲದಲ್ಲಿ, ಗಾಳಿಕೊಪ್ಪ ಎಂಬ ರಾಜ್ಯವಿತ್ತು. ಅಲ್ಲಿ ಬುಟ್ಟಿ ಹೆಣೆಯುವ ಕೆಂಚವ್ವನೂ ಅವಳ ಗಂಡ ಓಬಯ್ಯನೂ ಇದ್ದರು. ಓಬಯ್ಯ ಶುದ್ಧ ಸೋಮಾರಿ. ಸಂಜೆಯಾದರೆ ಕುಳ್ಳ ಬಾಗಿಲಿನ ಒಂದು ಮೂಲೆಗೆ ಕಾಲು, ಎದುರು ಮೂಲೆಗೆ ಭುಜ ಕೊಟ್ಟು, ಓರೆಯಾಗಿ ಒರಗಿ, ಬುಟ್ಟಿ ಮಾರಿ ಬರುವ ಹೆಂಡತಿಯ ದಾರಿ ನೋಡುವುದೇ ಅವನ ಕಸುಬು.

"ಬಾಗಿಲಿಗೆ ಅಡ್ಡ ನಿಲ್ಲಬೇಡಿ ಅಂದ್ರೆ ಕೇಳಲ್ಲ ನೀವು," ಎಂದು ಅವಳು ದಿನವೂ ಗದರುವಳು.

"ನಾ ಸರಿದ್ರೆ ನಿನ್ನ ಮನೆ ಬೀಳ್ತದೆ ಕಣೇ," ಎಂದು ಅವನು ನಗುವನು.

ಒಂದು ದಿನ ಸುಂಟರಾಯನೆಂಬ ಮಾಂತ್ರಿಕ ಅವನನ್ನು ಗಾಳಿಯಲ್ಲಿ ಹೊತ್ತೊಯ್ದು ಬೋಳುಬಂಡೆಯ ತುದಿಯಲ್ಲಿ ಕೂರಿಸಿದ. ಮಾಂತ್ರಿಕನಿಗೆ ಕಾಲೊತ್ತಲು ಆಳು ಬೇಕಿತ್ತಂತೆ. ಹುಡುಕಿ ಹುಡುಕಿ ಎಂಥವನನ್ನು ಹಿಡಿದ ನೋಡಿ!

ಕೆಂಚವ್ವ ಬಂಡೆಯ ಬುಡಕ್ಕೆ ಓಡಿದಳು. "ನಮ್ಮನೆಯವರನ್ನ ಬಿಟ್ಟುಬಿಡಪ್ಪಾ!"

"ಇಲ್ಲಿಗೆ ಮುಟ್ಟುವ ಅಟ್ಟಣೆ ಕಟ್ಟು. ನಾನು ಊದುತ್ತೇನೆ. ನಿಂತರೆ ಹತ್ತಿ ಬಂದು ಕರಕೊಂಡು ಹೋಗು. ಮೂರು ಸಲ ಬಿದ್ದರೆ ನಿನ್ನ ಗಂಡ ಕಲ್ಲಾಗುತ್ತಾನೆ," ಎಂದ ಮಾಂತ್ರಿಕ.

ಅವಳು ಬೇಡಿದಷ್ಟು ಉದ್ದ ಬಿದಿರುಮೆಳೆ ಬೆಳೆದು ಕೊಟ್ಟಿತು. ಕಂಬ ನಿಲ್ಲಿಸಿ, ಅಡ್ಡಕ್ಕೆ ಬಿದಿರಿನ ಗಳ ಕಟ್ಟಿ, ಚೌಕದ ಮೇಲೆ ಚೌಕ ಏರಿಸಿದಳು. ಸುಂಟರಾಯ ಉಫ್ ಎಂದ. ಬುಡವೇ ಕಿತ್ತು ಬಿತ್ತು.

"ಬುಡ ಆಳಕ್ಕೆ ಹೂಳವ್ವ, ಗಳ ದಪ್ಪನಾದ್ದು ಹಾಕವ್ವ," ಎಂದರು ಊರವರು. ಹಾಗೇ ಮಾಡಿದಳು. ಸುಂಟರಾಯ ಉಫ್ ಎಂದ. ಈ ಸಲ ಬುಡ ಕದಲಲಿಲ್ಲ. ಆದರೆ ಮೇಲಿನ ಚೌಕಗಳೆಲ್ಲ ಕುಡುಕನ ಹಾಗೆ ಒಂದೇ ಕಡೆಗೆ ವಾಲಿ ಮಡಚಿಕೊಂಡವು.

ಮೇಲಿನಿಂದ ಓಬಯ್ಯನ ದನಿ ಸಣ್ಣಗೆ ಕೇಳಿತು. "ಕೆಂಚೀ, ಉಂಡ್ಯಾ?"

"ಉಂಡೆ," ಎಂದು ಸುಳ್ಳು ಹೇಳಿ ಮನೆಗೆ ಬಂದಳು.

ಸಂಜೆಗಾಳಿ ಬೀಸುತ್ತಿತ್ತು. ಬಾಗಿಲಿನ ಚೌಕಟ್ಟು ಅತ್ತ ವಾಲಿ ಇತ್ತ ವಾಲಿ ಕಿರಿಕಿರಿ ಎನ್ನುತ್ತಿತ್ತು. ಅವನಿದ್ದಾಗ ಒಂದು ದಿನವೂ ಈ ಸದ್ದಿರಲಿಲ್ಲ. ಖಾಲಿ ಬಾಗಿಲು ನೋಡಿ ಅವಳಿಗೆ ಅಳು ಒತ್ತರಿಸಿ ಬಂತು. ಸರಿದು ನಿಲ್ಲಿ ಎಂದು ಎಷ್ಟು ಬೈದಿದ್ದಳು! ಅವನು ನಿಂತ ಹಾಗೆ ಒಮ್ಮೆ ನಿಲ್ಲಬೇಕೆನಿಸಿತು. ಒಂದು ಮೂಲೆಗೆ ಕಾಲು ಕೊಟ್ಟಳು. ಎದುರು ಮೂಲೆಗೆ ಭುಜ ಎಟುಕಲಿಲ್ಲ, ಕೈ ಚಾಚಿ ಒತ್ತಿದಳು.

ಕಿರಿಕಿರಿ ನಿಂತಿತು.

ಸರಿದಳು. ಕಿರಿಕಿರಿ. ಮತ್ತೆ ಒರಗಿದಳು. ಸದ್ದಿಲ್ಲ.

"ಅಯ್ಯೋ ನನ್ನ ದೊರೆಯೇ, ನೀವು ನಿಜ ಹೇಳ್ತಿದ್ರಾ!" ಎಂದು ಅಳುತ್ತಲೇ ನಕ್ಕಳು.

ಮೂರನೆಯ ಅಟ್ಟಣೆಗೆ ಬುಡ ಅಗಲ, ತುದಿ ಕಿರಿದು. ಒಂದೊಂದು ಚೌಕಕ್ಕೂ ಮೂಲೆಯಿಂದ ಮೂಲೆಗೆ ಓರೆ ಗಳವೊಂದನ್ನು ಇಟ್ಟು ಎರಡೂ ತುದಿ ಬಿಗಿದಳು. ಪ್ರತಿ ಚೌಕವೂ ಎರಡು ಮುಕ್ಕೋನವಾಯಿತು. ಚೌಕದ ಮೂಲೆ ಮಣಿಯುತ್ತದೆ, ಮುಕ್ಕೋನ ಮಣಿಯುವುದಿಲ್ಲ.

ಸುಂಟರಾಯ ಮುಂದಿನಿಂದ ಊದಿದ. ಅಲುಗಲಿಲ್ಲ. ಹಿಂದಿನಿಂದ ಊದಿದ. ಅಲುಗಲಿಲ್ಲ. ಹಟ ಹಿಡಿದು ಇದ್ದಬದ್ದ ಉಸಿರನ್ನೆಲ್ಲ ಊದಿದಾಗ ಆ ಗಾಳಿ ಅಟ್ಟಣೆಗೆ ಬಡಿದು, ತಿರುಗಿ ಅವನ ಬಾಯಿಗೇ ನುಗ್ಗಿತು. ಹೊಟ್ಟೆ ಉಬ್ಬಿ ಉಬ್ಬಿ ಪಟ್ಟೆಂದು ಒಡೆದುಹೋಯಿತು.

ಕೆಂಚವ್ವ ಹತ್ತಿ ಹೋಗಿ ಗಂಡನ ಕೈ ಹಿಡಿದು ಇಳಿಸಿಕೊಂಡು ಬಂದಳು.

ಗಾಳಿಕೊಪ್ಪದ ಅರಸ ಎಲ್ಲ ಮನೆಗಳ ಚೌಕಟ್ಟಿಗೂ ಓರೆಮರ ಹಾಕಿಸಿದ. ಆಮೇಲೆ ಅಲ್ಲಿ ಯಾವ ಗಾಳಿಗೂ ಮನೆ ಬೀಳಲಿಲ್ಲ, ಎಲ್ಲರೂ ಸುಖವಾಗಿ ಬಾಳಿದರು. ಕೆಂಚವ್ವನ ಬಾಗಿಲಿಗೆ ಮಾತ್ರ ಓರೆಮರವಿರಲಿಲ್ಲ. ಹಾಕಲು ಬಂದ ಬಡಗಿಯನ್ನು ಅವಳೇ ಹಿಂದಕ್ಕೆ ಕಳಿಸಿದ್ದಳು.

"ನಮ್ಮನೆಗೆ ಬೇಡಣ್ಣಾ," ಎಂದಳಂತೆ, "ಅವರಿದ್ದಾರಲ್ಲ."