ಬರೆಯದವಳ ಉತ್ತರ ಪತ್ರಿಕೆ

ಹದಿನೈದನೇ ತಾರೀಕು, ಬುಧವಾರ, ಬೆಳಿಗ್ಗೆ 10.20. ಠಾಣೆಗೆ ಬಂದ ವಿದ್ಯಾರ್ಥಿನಿ ಕೊಟ್ಟ ದೂರನ್ನು ಸ್ಟೇಷನ್ ರೈಟರ್ ಎರಡು ಸಲ ಓದಿದ. ತಾನು ಪಾಸಾಗಿರುವುದಾಗಿಯೂ ಆ ಬಗ್ಗೆ ಕೂಡಲೇ ತನಿಖೆ ಆಗಬೇಕೆಂದೂ ಅದರಲ್ಲಿತ್ತು.

"ಫೇಲಾದೋರು ಅತ್ಕೊಂಡು ಬಂದಿದ್ದು ನೋಡಿದ್ದೀನಿ ಮೇಡಂ," ಎಂದು ಕಾಗದವನ್ನು ಇನ್ಸ್‌ಪೆಕ್ಟರ್ ಮುಂದಿಟ್ಟ. "ಪಾಸಾದೋರು ಬಂದಿದ್ದು ಇದೇ ಮೊದಲು."

ಇನ್ಸ್‌ಪೆಕ್ಟರ್ ನಗಲಿಲ್ಲ. ಹುಡುಗಿಯನ್ನು ಕೂರಿಸಿ, ನೀರು ಕೊಡಿಸಿ, ಆಮೇಲೆ ಕೇಳಿದರು.

"ಯಾವ ಪರೀಕ್ಷೆ?"

"ಭೌತಶಾಸ್ತ್ರ, ಎರಡನೇ ವರ್ಷದ್ದು. ಅಮ್ಮಂಗೆ ಆಪರೇಷನ್ ಆಗಿತ್ತು, ಮೂರು ದಿನದಿಂದ ನಿದ್ದೆ ಇರ್ಲಿಲ್ಲ. ಪ್ರಶ್ನೆ ನೋಡಿದ್ರೆ ತಲೇಲಿ ಏನೂ ಇಲ್ಲ. ಅರ್ಧ ಗಂಟೆ ಕೂತು, ಖಾಲಿ ಕೊಟ್ಟು ಬಂದೆ."

"ಒಂದಕ್ಷರನೂ ಬರೀಲಿಲ್ವಾ?"

"ನಂಬರು, ಸಹಿ. ಅಷ್ಟೇ."

ಫಲಿತಾಂಶ ಬಂದಾಗ ಆಕೆ ಪಾಸು. ಆಕೆಯೇ ಹೋಗಿ ಅಧ್ಯಾಪಕಿಗೆ ಹೇಳಿದಳು. ಪತ್ರಿಕೆ ತೆಗೆಸಿ ನೋಡಿದರೆ ಮೂವತ್ತೆರಡು ಪುಟ ಬೇರೆ ಯಾರದೋ ಕೈಬರಹ. ವಿಶ್ವವಿದ್ಯಾಲಯದ ಶಿಸ್ತು ಸಮಿತಿ ಮಾತ್ರ ಈಕೆಯೇ ಯಾರನ್ನೋ ಹಿಡಿದು ಬರೆಸಿ, ಈಗ ಹೆದರಿ ಬಾಯಿಬಿಟ್ಟಿದ್ದಾಳೆ ಎಂದು ಎಣಿಸಿತ್ತು. ಶುಕ್ರವಾರ ಹನ್ನೊಂದಕ್ಕೆ ವಿಚಾರಣೆ. ತಪ್ಪಿತಸ್ಥಳೆಂದಾದರೆ ಮೂರು ವರ್ಷ ಡಿಬಾರ್.

"ಸುಮ್ನೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ ಅಲ್ವಾ?"

"ಇಲ್ಲ ಮೇಡಂ. ಆದ್ರೆ ಮುಂದಿನ ವರ್ಷದ ಪಾಠ ಪೂರ್ತಿ ಇದ್ರ ಮೇಲೇ ನಿಂತಿರುತ್ತೆ. ಗೊತ್ತಿಲ್ದೇ ಇರೋದನ್ನ ಗೊತ್ತು ಅಂತ ಎಷ್ಟು ದಿನ ಕೂರ್ಲಿ?"

11.05ಕ್ಕೆ ಎಫ್‌ಐಆರ್ ದಾಖಲಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಇನ್ಸ್‌ಪೆಕ್ಟರ್ ತಮ್ಮ ಇಲಾಖೆಯಲ್ಲೇ ಬೇಕಾದಷ್ಟು ಕಂಡಿದ್ದರು. ಕೈಯಲ್ಲಿದ್ದುದು ಎರಡು ದಿನ.

ಅಧ್ಯಾಪಕಿಯ ಕೊಠಡಿಯಲ್ಲಿ ಪಂಚರ ಎದುರು ಉತ್ತರ ಪತ್ರಿಕೆಯನ್ನು ವಶಕ್ಕೆ ತೆಗೆದುಕೊಂಡು ಪಂಚನಾಮೆ ಬರೆಸಿದರು. ಒಳಪುಟಗಳ ತುಂಬ ಮುದ್ದಾದ, ಸ್ವಲ್ಪ ಹಿಂದಕ್ಕೆ ವಾಲಿದ ಅಕ್ಷರ.

"ಉತ್ತರ ಹೇಗಿದೆ?"

"ಚೆನ್ನಾಗಿದೆ, ಅದೇ ತಾಪತ್ರಯ," ಎಂದರು ಅಧ್ಯಾಪಕಿ. "ಆದರೆ ಇಲ್ಲಿ ನೋಡಿ. ಬಲವನ್ನ ಡೈನ್‌ನಲ್ಲಿ ಬರೆದಿದ್ದಾರೆ. ನಾವು ಕಲಿಸೋದು ನ್ಯೂಟನ್‌ನಲ್ಲಿ. ಲೆಕ್ಕ ಸರಿ ಇದೆ ಅಂತ ಅಂಕ ಬಿದ್ದಿದೆ. ಈಗಿನ ಮಕ್ಕಳು ಹೀಗೆ ಬರೆಯಲ್ಲ. ಇದು ಹಳೇ ಪಠ್ಯಪುಸ್ತಕದ ರೀತಿ. ಅದನ್ನ ಬಿಟ್ಟು ಇಪ್ಪತ್ತೈದು ವರ್ಷದ ಮೇಲಾಯ್ತು."

ಖಾಲಿ ಪುಟಗಳಿಗೆ ಮೇಲ್ವಿಚಾರಕ ಅಡ್ಡಗೆರೆ ಎಳೆಯಬೇಕಿತ್ತು, ಮರೆತಿದ್ದ. ಅಲ್ಲಿಂದ ಪತ್ರಿಕೆ ಹೋದದ್ದು ಪರೀಕ್ಷಾ ವಿಭಾಗಕ್ಕೆ. ಬೇಲಿಯೇ ಎದ್ದು ಹೊಲ ಮೇಯ್ದಿದೆ ಎನ್ನುವುದು ಖಾತ್ರಿಯಾಯಿತು. ಆದರೆ ವಿಭಾಗದ ಒಂಬತ್ತು ಜನರ ಸೇವಾ ಪುಸ್ತಕ ತಿರುವಿ ಹಾಕಿದರೂ ಭೌತಶಾಸ್ತ್ರ ಓದಿದವರು ಒಬ್ಬರೂ ಸಿಗಲಿಲ್ಲ.

ಗುರುವಾರ ಮಧ್ಯಾಹ್ನ ರೈಟರ್ ಗ್ರಂಥಾಲಯದಿಂದ ಆ ಹಳೆಯ ಪಠ್ಯಪುಸ್ತಕವನ್ನು ಪತ್ತೆಹಚ್ಚಿ ತಂದ. ಕೊನೆಯ ರಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಒಂಬತ್ತು ವರ್ಷಗಳ ತಾರೀಕುಗಳಿದ್ದವು. ಎಲ್ಲವೂ ಆಯಾ ವರ್ಷದ ಪರೀಕ್ಷೆಗೆ ಎರಡು ತಿಂಗಳು ಮುಂಚಿನವು, ಎಲ್ಲವೂ ಒಂದೇ ಕಾರ್ಡಿನವು. ಕಾರ್ಡು ಪರೀಕ್ಷಾ ವಿಭಾಗದ ಅಟೆಂಡರ್‌ನದು. ಉತ್ತರ ಪತ್ರಿಕೆಗಳ ಕಟ್ಟುಗಳನ್ನು ಹೊಲಿಯುವ ಕೆಲಸದಿಂದಾಗಿ ಅವನನ್ನು ಎಲ್ಲರೂ ದಾರದಣ್ಣ ಎನ್ನುತ್ತಿದ್ದರು.

3.40ಕ್ಕೆ ಇನ್ಸ್‌ಪೆಕ್ಟರ್ ಅವನ ಕೊಠಡಿಗೆ ಹೋದರು. ಛಾವಣಿಯವರೆಗೆ ಕಟ್ಟುಗಳು, ಒಂದು ಮೇಜು, ದಬ್ಬಣ, ದಾರದ ಉಂಡೆ. ಇವರನ್ನು ನೋಡಿ ದಾರದಣ್ಣ ಎದ್ದು ತನ್ನ ಸ್ಟೂಲನ್ನೇ ಒರೆಸಿ ಕೊಟ್ಟ. ವಯಸ್ಸು ಐವತ್ತೊಂಬತ್ತು, ತಿಂಗಳ ಕೊನೆಗೆ ನಿವೃತ್ತಿ.

"ಭೌತಶಾಸ್ತ್ರ ಯಾಕೆ ಓದ್ತೀರಿ?"

"ಸುಮ್ನೆ. ಹೊತ್ತು ಹೋಗ್ಬೇಕಲ್ಲ ಮೇಡಂ."

"ಒಂಬತ್ತು ವರ್ಷದಿಂದ?"

ಅವನು ದಾರದ ಉಂಡೆಯನ್ನು ಎತ್ತಿಕೊಂಡು ಸುತ್ತತೊಡಗಿದ.

"ನಾಳೆ ಹನ್ನೊಂದಕ್ಕೆ ಆ ಹುಡುಗೀನ ಡಿಬಾರ್ ಮಾಡ್ತಾರೆ, ಗೊತ್ತಾ? ತಾನು ಬರೆದಿಲ್ಲ ಅಂತ ಅವಳೇ ಬಂದು ಹೇಳಿದ್ಳು. ಯಾರೂ ನಂಬ್ತಾ ಇಲ್ಲ."

ದಾರದಣ್ಣ ಕಟ್ಟುಗಳ ಮೇಲೆಯೇ ಕೂತುಬಿಟ್ಟ.

"ಬರೆದಿದ್ದು ನಾನು," ಎಂದ. "ಆ ಮಗೂಗೆ ಏನೂ ಗೊತ್ತಿಲ್ಲ. ಅವಳ ಮುಖ ಸಹ ನಾನು ನೋಡಿಲ್ಲ. ಪಾಸಾದ್ರೆ ಖುಷಿಪಡ್ತಾಳೆ ಅಂದ್ಕೊಂಡೆ."

"ಪುಸ್ತಕ ನೋಡ್ಕೊಂಡು ಬರೆದ್ರಾ?"

ಆ ಪ್ರಶ್ನೆ ಅವನಿಗೆ ನಾಟಿತು. "ಪುಸ್ತಕ ಮನೇಲಿತ್ತು ಮೇಡಂ. ಪರೀಕ್ಷೆಯ ಮರುದಿನ ಮಧ್ಯಾಹ್ನ ಒಂದರಿಂದ ನಾಲ್ಕರ ತನಕ, ಪ್ರಶ್ನೆಪತ್ರಿಕೆ ಒಂದನ್ನೇ ಮುಂದಿಟ್ಕೊಂಡು ಇಲ್ಲೇ ಕೂತು ಬರೆದೆ. ನಾಲ್ಕರ ಗಂಟೆ ಹೊಡೆದ ಮೇಲೆ ಒಂದಕ್ಷರ ಬರೀಲಿಲ್ಲ. ನಾನು ಕಾಪಿ ಹೊಡೆಯೋನಲ್ಲ."

ನಂತರ ಕೇಳದೆಯೇ ಎಲ್ಲವನ್ನೂ ಹೇಳಿದ. ಮೂವತ್ತೊಂಬತ್ತು ವರ್ಷಗಳ ಹಿಂದೆ ಅವನು ಇದೇ ತರಗತಿಯ ವಿದ್ಯಾರ್ಥಿ. ಇದೇ ವಿಷಯದ ಪರೀಕ್ಷೆಯಲ್ಲಿ ಅವನ ಬೆಂಚಿನ ಕೆಳಗೆ ಒಂದು ಚೀಟಿ ಸಿಕ್ಕಿತು. ತನ್ನದಲ್ಲ ಎಂದ, ಅಕ್ಷರ ಹೋಲಿಸಿ ನೋಡಿ ಎಂದು ಕೈಮುಗಿದ. ಯಾರೂ ನೋಡಲಿಲ್ಲ. ಮೂರು ವರ್ಷ ಡಿಬಾರ್ ಆಯಿತು. ಅಷ್ಟರಲ್ಲಿ ಅಪ್ಪ ತೀರಿಕೊಂಡರು, ಮನೆಯ ಭಾರ ಹೆಗಲಿಗೆ ಬಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಅವನದು ಒಂದು ಚೀಟಿಗೆ ಹೋಗಿತ್ತು. ಕದ್ದು ಪಾಸಾಗಲು ಹೋದವನೆಂದು ಅವನ ಅಣ್ಣನೇ ಕೊನೆಯವರೆಗೂ ನಂಬಿದ್ದ.

"ಓದಿದ್ರೆ ಪಾಸಾಗ್ತಿದ್ನಾ ಅಂತ ನೋಡ್ಬೇಕಿತ್ತು," ಎಂದ. "ಅಷ್ಟೇ ಮೇಡಂ. ಇಷ್ಟು ವರ್ಷದಲ್ಲಿ ಅಡ್ಡಗೆರೆ ಇಲ್ದೆ ಖಾಲಿ ಪತ್ರಿಕೆ ಕೈಗೆ ಬಂದಿದ್ದು ಇದೊಂದೇ ಸಲ."

ಇನ್ಸ್‌ಪೆಕ್ಟರ್‌ಗೆ ಸಂಕಟವಾಯಿತು. ಆದರೆ ಪಾಪ ಅನ್ನಿಸಿತೆಂದು ಕಾನೂನು ಕಣ್ಣು ಮುಚ್ಚುವುದಿಲ್ಲ. ಅವನ ಕೈಬರಹದ ಮಾದರಿ ತೆಗೆದುಕೊಂಡರು. 4.50ಕ್ಕೆ ದಸ್ತಗಿರಿ ಮಾಡಿದರು. ಹೇಳಿಕೆಯ ಸುದ್ದಿ ಸಂಜೆಯೇ ಸಮಿತಿಗೆ ಮುಟ್ಟಿತು. ಹುಡುಗಿಯ ಮೇಲಿನ ಆರೋಪ ಕೈಬಿಟ್ಟರು, ಫಲಿತಾಂಶ ರದ್ದು ಮಾಡಿದರು, ಮರುಪರೀಕ್ಷೆಗೆ ಅವಕಾಶ ಕೊಟ್ಟರು.

ಠಾಣೆಯಲ್ಲಿ ರೈಟರ್ ಹೇಳಿಕೆಯನ್ನು ಓದಿ ಹೇಳಿದ: "ಆರೋಪಿಯು ಸದರಿ ಉತ್ತರ ಪತ್ರಿಕೆಯನ್ನು ತಿದ್ದಿರುತ್ತಾನೆ."

"ತಿದ್ದಿಲ್ಲ ಸಾರ್," ಎಂದ ದಾರದಣ್ಣ. "ಬರೆದಿದ್ದೀನಿ."

ರೈಟರ್ ಇನ್ಸ್‌ಪೆಕ್ಟರ್ ಕಡೆ ನೋಡಿದ.

"ಹೊಡೆದು ಹಾಕಿ," ಎಂದರು ಇನ್ಸ್‌ಪೆಕ್ಟರ್. "ಬರ್ಕೊಳ್ಳಿ. 'ಸದರಿ ಉತ್ತರಗಳನ್ನು ಆರೋಪಿಯು ತಾನೇ, ಯಾವುದೇ ಪುಸ್ತಕ ನೋಡದೆ, ಮೂರು ಗಂಟೆಯಲ್ಲಿ ಬರೆದಿದ್ದು, ಮೌಲ್ಯಮಾಪನದಲ್ಲಿ ನೂರಕ್ಕೆ ಎಂಬತ್ತೆರಡು ಅಂಕ ಬಂದಿರುತ್ತದೆ.'"

ಅಂಕ ಎಷ್ಟೆಂದು ದಾರದಣ್ಣ ಅದುವರೆಗೆ ಯಾರನ್ನೂ ಕೇಳಿರಲಿಲ್ಲ. ಕಾಗದವನ್ನು ಕೈಗೆ ತೆಗೆದುಕೊಂಡು ಆ ಸಾಲನ್ನು ನಿಧಾನವಾಗಿ ಓದಿದ, ಮತ್ತೊಮ್ಮೆ ಓದಿದ.

"ಇದರದ್ದೊಂದು ಪ್ರತಿ ನಂಗೆ ಸಿಗುತ್ತಾ ಮೇಡಂ?" ಎಂದು ಕೇಳಿದ.